ಉರು ಹೊಡೀಬ್ಯಾಡ ಅನ್ನೋರಿಗೆ

ದೀಪಾವಳಿಗೆ ಊರಿಗೆ ಹೋದ ನಾವು ಬೆಂಗಳೂರಿನ ಮಂದಿ ಪುಕ್ಕಟೆ ಹಂಚಿ ಬರುವ ಉಪದೇಶಗಳಲ್ಲಿ ತೀರಾ ಕೆಟ್ಟದ್ದು ಯಾವುದು ಅಂತ ಯಾರಾದರೂ ಕೇಳಿದರೆ ನಾನು ತೋರಿಸೋದು ಇದನ್ನೇ: “ಉರು ಹೊಡೀಬ್ಯಾಡಪಾ, ಕಾನ್ಸೆಪ್ಟ್ ತಿಳ್ಕೋ.” ಹೇಳುವವನ ಕೈಯಲ್ಲಿ ಚಹಾದ ಕಪ್ಪು, ಕಿಸೆಯಲ್ಲಿ ವಾಪಸು ಹೋಗುವ ಬಸ್ಸಿನ ಟಿಕೆಟ್ಟು. ಕೇಳುವವನು ಕಟ್ಟೆ ಮೇಲೆ ಕೂತ ಚಿಕ್ಕಪ್ಪನ ಮಗ. ಪಾಪ, ಹೂಂ ಅಂತ ತಲೆಯಾಡಿಸುತ್ತಾನೆ. ಹಾಗಾದರೆ ಮಾಡೋದು ಏನು ಅಂತ ಅವನೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹೇಳೋಕೆ ನಮಗೆ ಗೊತ್ತಿದ್ದರೆ ತಾನೇ?

ಈ ಮಾತನ್ನು ನಾನೂ ಹೇಳಿದ್ದೇನೆ. ಒಂದು ಸಲ ಅಲ್ಲ, ಕನಿಷ್ಠ ಐದಾರು ದೀಪಾವಳಿ ಹೇಳಿದ್ದೇನೆ. ಹಾಗಾಗಿ ಈ ಬರಹದಲ್ಲಿ ಬೈಗುಳ ಬಿದ್ದರೆ ಅದರ ಮೊದಲ ಪಾಲು ನನ್ನದು.

ತಮಾಷೆ ನೋಡಿ. ನನ್ನ ಆಫೀಸಿನಲ್ಲಿ ನನ್ನ ಪಕ್ಕ ಕೂರುವವನು ಫೋನಿನಲ್ಲಿ ಫ್ಲ್ಯಾಶ್‌ಕಾರ್ಡ್ ಹಾಕಿಕೊಂಡು ಜರ್ಮನ್ ಕಲಿತ. ಇನ್ನೊಬ್ಬಳು ಕ್ಲೌಡ್ ಸರ್ಟಿಫಿಕೇಟಿಗೆ ಎಂಟುನೂರು ಕಾರ್ಡ್ ಮಾಡಿ, ಮೆಟ್ರೋದಲ್ಲಿ ನಿಂತುಕೊಂಡೇ ತಿರುವಿ ತಿರುವಿ ಪಾಸಾದಳು. ನಾನೂ ಅದೇ ದಾರಿಯಲ್ಲಿ ಎರಡು ಸರ್ಟಿಫಿಕೇಟು ಹೊಡೆದಿದ್ದೇನೆ. ಇದನ್ನು ಯಾರೂ ಉರು ಹೊಡೆಯೋದು ಅನ್ನಲಿಲ್ಲ. “ಸ್ಪೇಸ್ಡ್ ರಿಪಿಟಿಷನ್” ಅಂದರು. ಕ್ಯಾಂಟೀನಿನಲ್ಲಿ ಅದರ ಅಲ್ಗಾರಿದಮ್ ಬಗ್ಗೆ ಅರ್ಧ ತಾಸು ಚರ್ಚೆ ಆಯಿತು. ಅದೇ ನಾವು, ಹಾನಗಲ್ಲಿನ ಹುಡುಗ ಇಸವಿಗಳನ್ನು ಬಾಯಿಪಾಠ ಮಾಡುತ್ತಿದ್ದರೆ ‘ಗಿಣಿಪಾಠ’ ಅಂತ ಮೂಗು ಮುರಿಯುತ್ತೇವೆ. ನಮ್ಮ ಶಿಕ್ಷಣ ವ್ಯವಸ್ಥೆ ಸರಿಯಿಲ್ಲ ಅಂತ ಒಂದು ಪೋಸ್ಟ್ ಕೂಡ ಹಾಕುತ್ತೇವೆ.

ನಮ್ಮೂರು ಹಾನಗಲ್ ತಾಲೂಕಿನಲ್ಲಿದೆ. ಭತ್ತ, ಗೋವಿನಜೋಳ, ನಾಲ್ಕು ಮಾವಿನ ಗಿಡ, ಇಷ್ಟೇ ಬದುಕು. ಚಿಕ್ಕಪ್ಪನ ಮಗ ಕೆಎಎಸ್ ಕಟ್ಟಿದ್ದ. ಎರಡು ಸೀಜನ್ನಿನ ಗೋವಿನಜೋಳದ ದುಡ್ಡು ಧಾರವಾಡದ ಕೋಚಿಂಗು, ರೂಮು, ಮೆಸ್ಸಿಗೆ ಹೋಯಿತು. ಅಲ್ಲಿಂದ ಬರುವಾಗ ಅವನು ಹೊತ್ತು ತಂದದ್ದು ಎರಡು ಗೋಣಿಚೀಲ ನೋಟ್ಸು. ಝೆರಾಕ್ಸಿನ ಝೆರಾಕ್ಸು, ಅದರ ಮೇಲೆ ಹಸಿರು, ಹಳದಿ, ಗುಲಾಬಿ ಗೆರೆ.

2024ರ ದೀಪಾವಳಿ. ಆಗಸ್ಟ್ 27ರಂದು ನಡೆದಿದ್ದ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದಲ್ಲಿ ತಪ್ಪುಗಳಿದ್ದವು ಅಂತ ದೊಡ್ಡ ಗಲಾಟೆಯಾಗಿ, ಸರ್ಕಾರ ಮರುಪರೀಕ್ಷೆಗೆ ಹೇಳಿ, ಅದು ಡಿಸೆಂಬರ್ 29ಕ್ಕೆ ನಿಗದಿಯಾಗಿದ್ದ ಹೊತ್ತು. ಕೈಯಲ್ಲಿ ಎರಡು ತಿಂಗಳಿಗೂ ಕಡಿಮೆ. ಓದು ಹೆಂಗ ನಡದೈತಿ ಅಂದೆ.

“ಪೊಲಿಟಿ ನಾಕ್ ಸಲ ಓದೇನಿ ಅಣ್ಣಾ. ಕರ್ನಾಟಕದ ಇತಿಹಾಸ ಐದ್ ಸಲ.”

“ಹಂಗಾರ ಹೇಳ ನೋಡೂಣು. 371ಜೆ ಎಷ್ಟನೇ ತಿದ್ದುಪಡಿ?”

ಅವನು ಕಣ್ಣು ಮುಚ್ಚಿದ. “ಗೊತ್ತೈತಿ ಅಣ್ಣಾ… ಎಡಗಡೆ ಪುಟ. ಕೆಳಗ. ಹಸಿರು ಗೆರಿ ಎಳದೇನಿ. ಬಾಜೂಕ ಸ್ಟಾರ್ ಹಾಕೇನಿ.”

ಪುಟ ನೆನಪಿತ್ತು, ಗೆರೆಯ ಬಣ್ಣ ನೆನಪಿತ್ತು, ಗೆರೆಯ ಮೇಲೆ ಏನು ಬರೆದಿತ್ತು ಅನ್ನೋದು ಮಾತ್ರ ಇರಲಿಲ್ಲ. ನಾನು ನಗಲಿಲ್ಲ, ಯಾಕೆಂದರೆ ನಾನು ಬಿಇ ಪಾಸಾದದ್ದೂ ಹೀಗೇ. ಹಿಂದಿನ ರಾತ್ರಿ ಮೂರು ಸಲ ಓದು, ಬೆಳಗ್ಗೆ ಬರೆ, ಸಂಜೆಗೆ ಮರೆ. ನಾಲ್ಕು ಸಲ ಓದಿದ ಮೇಲೆ ಐದನೇ ಸಲ ಓದುವಾಗ ಎಲ್ಲಾ ಪರಿಚಯದ ಮುಖವೇ. ಜಾತ್ರೆಯಲ್ಲಿ ಸಿಕ್ಕವನ ಮುಖ ಗುರುತು ಹತ್ತುತ್ತದೆ, ಹೆಸರು ಬಾಯಿಗೆ ಬರುವುದಿಲ್ಲ, ಹಾಗೆ. ಮುಖ ಗುರುತು ಹತ್ತಿದ್ದನ್ನೇ ನಾವು ‘ಬಂತು’ ಅಂತ ತಿಳಿದುಬಿಡುತ್ತೇವೆ.

ಇಲ್ಲಿ ಒಬ್ಬರು ಅಡ್ಡ ಬಾಯಿ ಹಾಕಬಹುದು. ಪ್ರಿಲಿಮ್ಸ್ ಅಂದರೆ ನಾಲ್ಕರಲ್ಲಿ ಒಂದು ಆರಿಸೋದಲ್ವಾ, ಗುರುತು ಹತ್ತಿದರೆ ಸಾಕಲ್ಲ ಅಂತ. ಸಾಕಾಗೋದಿಲ್ಲ ಸ್ವಾಮಿ. ಪ್ರಶ್ನೆ ತೆಗೆಯುವವನು ನಾಲ್ಕೂ ಪರಿಚಯದ ಮುಖಗಳನ್ನೇ ತಂದು ನಿಲ್ಲಿಸಿರುತ್ತಾನೆ. 97, 98, 99, 101. ಎಲ್ಲವನ್ನೂ ಎಲ್ಲೋ ಕಂಡಿದ್ದೇನೆ ಅನ್ನಿಸುತ್ತದೆ. ಮೇಲೆ, ತಪ್ಪು ಉತ್ತರಕ್ಕೆ ಕಾಲುಭಾಗ ಅಂಕ ಕಡಿತ. ಅರ್ಧ ಗೊತ್ತಿದ್ದವನು ಏನೂ ಗೊತ್ತಿಲ್ಲದವನಿಗಿಂತ ಹೆಚ್ಚು ಕಳೆದುಕೊಳ್ಳುವ ಆಟ ಅದು. ಏನೂ ಗೊತ್ತಿಲ್ಲದವನು ಖಾಲಿ ಬಿಟ್ಟಾದರೂ ಬರುತ್ತಾನೆ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಅನ್ನುವವರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪಿಗೆ ಒಂದು ಪಾಠವನ್ನು ನಾಲ್ಕು ಸುತ್ತು ಓದಲು ಕೊಟ್ಟರು. ಇನ್ನೊಂದು ಗುಂಪಿಗೆ ಒಂದೇ ಸುತ್ತು ಓದು, ಆಮೇಲೆ ಮೂರು ಸುತ್ತು ಹಾಳೆ ಮುಚ್ಚಿ ನೆನಪಿದ್ದಷ್ಟು ಬರೆಯುವ ಕೆಲಸ. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರದ್ದೇ ಗೆಲುವು: ಅವರದು ನೂರಕ್ಕೆ 83, ಬರೆದವರದು 71. ಒಂದು ವಾರ ಬಿಟ್ಟು ಕೇಳಿದಾಗ ಓದಿದವರದ್ದು 40ಕ್ಕೆ ಇಳಿದಿತ್ತು, ಮುಚ್ಚಿ ಬರೆದವರದ್ದು 61ರಲ್ಲಿ ನಿಂತಿತ್ತು. ಇನ್ನೊಂದು ಸಂಗತಿ ಇದೆ, ಅದನ್ನು ಓದಿದಾಗ ನನಗೆ ನಮ್ಮ ಹುಡುಗನ ಮುಖ ನೆನಪಾಯಿತು. ವಾರದ ನಂತರ ನಿಮಗೆ ಎಷ್ಟು ನೆನಪಿರುತ್ತದೆ ಅಂತ ಮೊದಲೇ ಕೇಳಿದಾಗ, ಹೆಚ್ಚು ಧೈರ್ಯದಿಂದ ಹೇಳಿದವರು ಬರೇ ಓದಿದವರೇ.

ಈಗ ನಮ್ಮ ದೊಡ್ಡಪ್ಪನ ಕತೆ ಹೇಳಬೇಕು. ದೊಡ್ಡಪ್ಪ ಮೂರನೇತ್ತೆ ಪಾಸು, ಅದೂ ಹೌದೋ ಅಲ್ಲೋ. ಆದರೆ ನಮ್ಮೂರ ದೊಡ್ಡಾಟದಲ್ಲಿ ಕರ್ಣನ ಪಾರ್ಟು ಅವನದೇ. ಸುಗ್ಗಿ ಮುಗಿದ ಮೇಲೆ ಎರಡು ಮೂರು ತಿಂಗಳು ಗುಡಿಯ ಹಿಂದಿನ ಪಡಸಾಲೆಯಲ್ಲಿ ತಾಲೀಮು. ಮಾಸ್ತರರ ಕೈಯಲ್ಲಿ ಆಟದ ಪುಸ್ತಕ, ಪಾರ್ಟು ಮಾಡುವವರ ಕೈಯಲ್ಲಿ ಏನೂ ಇಲ್ಲ. ಕೊಟ್ಟರೂ ಅರ್ಧ ಮಂದಿಗೆ ಓದೋಕೆ ಬರುತ್ತಿರಲಿಲ್ಲ. ಮಾಸ್ತರರು ಒಂದು ಸಲ ಹೇಳಿಕೊಡುತ್ತಾರೆ, ಆಮೇಲೆ ‘ಹೂಂ, ಅನ್ನು’ ಅಂತ ಸುಮ್ಮನೆ ಕೂರುತ್ತಾರೆ. ತಡವರಿಸಿದರೆ ತಕ್ಷಣ ಹೇಳಿಕೊಡುವುದಿಲ್ಲ. ಅವನು ತಲೆ ಕೆರೆದುಕೊಂಡು, ಮೇಲೆ ನೋಡಿ, ಕೆಳಗೆ ನೋಡಿ ತಾನೇ ಹುಡುಕಿ ತೆಗೆಯಬೇಕು. ತೀರಾ ಬರದಿದ್ದರೆ ಮೊದಲ ಶಬ್ದ ಮಾತ್ರ. ಎಲ್ಲಿ ತಪ್ಪಿದನೋ ಆ ಜಾಗವನ್ನು ಮಾಸ್ತರರು ನೆನಪಿಟ್ಟು ಮರುದಿನ ಮೊದಲಿಗೆ ಅದನ್ನೇ ಕೇಳುತ್ತಾರೆ. ಸರಾಗ ಬರುವ ಪದವನ್ನು ನಾಲ್ಕು ದಿನ ಬಿಟ್ಟು, ಎಂಟು ದಿನ ಬಿಟ್ಟು ಕೇಳುತ್ತಾರೆ. “ಬಂದದ್ದನ್ನ ದಿನಾ ಅನಿಸಿದ್ರ ಬಾಯಿ ನೋಯ್ತೈತಿ, ಬರಲಾರದ್ದನ್ನ ಅನಿಸಬೇಕು,” ಅಂತ ದೊಡ್ಡಪ್ಪ ಈಗಲೂ ಮಾಸ್ತರರ ಮಾತು ಹೇಳುತ್ತಾನೆ. ಎಪ್ಪತ್ತು ದಾಟಿದ್ದಾನೆ. ಮೊನ್ನೆ ಕೂಡ ಎಲೆ ಅಡಿಕೆ ಪಕ್ಕಕ್ಕಿಟ್ಟು ರಾತ್ರಿ ಹತ್ತರವರೆಗೆ ಕರ್ಣನ ಮಾತು ಹೇಳಿದ. ಒಂದು ಅಕ್ಷರ ಎಡವಲಿಲ್ಲ.

1972ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ಸೆಬಾಸ್ಟಿಯನ್ ಲೈಟ್ನರ್ ಒಂದು ಪೆಟ್ಟಿಗೆಯ ಉಪಾಯ ಬರೆದ. ರಟ್ಟಿನ ಡಬ್ಬಿಯಲ್ಲಿ ಖಾನೆಗಳು. ಸರಿ ಹೇಳಿದ ಕಾರ್ಡು ಹಿಂದಿನ ಖಾನೆಗೆ, ಅದನ್ನು ಅಪರೂಪಕ್ಕೆ ಕೇಳು. ತಪ್ಪಿದ್ದು ಮತ್ತೆ ಮೊದಲ ಖಾನೆಗೆ, ಅದನ್ನು ದಿನಾ ಕೇಳು. 1987ರಲ್ಲಿ ಪೋಲೆಂಡಿನ ವಿದ್ಯಾರ್ಥಿ ಪಿಯೋಟರ್ ವೋಜ್ನಿಯಾಕ್ ಅದೇ ತರದ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿದ. 2006ರಲ್ಲಿ ಜಪಾನಿ ಕಲಿಯುತ್ತಿದ್ದ ಡೇಮಿಯನ್ ಎಲ್ಮ್ಸ್ ಅನ್ನುವವನು ಅಂಕಿ ಅನ್ನುವ ತಂತ್ರಾಂಶ ಮಾಡಿದ. ಜಪಾನಿ ಭಾಷೆಯಲ್ಲಿ ಅಂಕಿ ಅಂದರೆ ಬಾಯಿಪಾಠ ಅಂತಲೇ ಅರ್ಥ. ಅಮೆರಿಕದ ಮೆಡಿಕಲ್ ವಿದ್ಯಾರ್ಥಿಗಳು ಇವತ್ತು ಲೈಸೆನ್ಸ್ ಪರೀಕ್ಷೆಗೆ ಇದನ್ನೇ ಬಡಿಯುತ್ತಿದ್ದಾರೆ. ಅದನ್ನು ಮಾಡಿದವನು ನಾಚಿಕೊಳ್ಳದೆ ಬಾಯಿಪಾಠ ಅಂತ ಹೆಸರಿಟ್ಟ. ನಾಚಿಕೆ ಬಂದದ್ದು ನಮಗೆ.

ದೊಡ್ಡಪ್ಪನ ಮಾಸ್ತರರೇ ಇದನ್ನೆಲ್ಲ ಮೊದಲು ಕಂಡುಹಿಡಿದರು ಅಂತ ನಾನು ಹೇಳುತ್ತಿಲ್ಲ. ಎಲ್ಲಾ ನಮ್ಮಲ್ಲೇ ಇತ್ತು ಅನ್ನುವ ವಾಟ್ಸ್‌ಆ್ಯಪ್ ಪೈಕಿ ನಾನಲ್ಲ. ಶಿಶುನಾಳ ಶರೀಫರ ಪದಗಳು ಶಿಗ್ಗಾವಿ ಕಡೆಯ ಭಜನಿ ಮೇಳಗಳಲ್ಲಿ ಬಾಯಿಂದ ಬಾಯಿಗೆ ದಾಟಿಕೊಂಡು ಬಂದವು ಅನ್ನುವ ಹೆಮ್ಮೆ ನನಗೂ ಉಂಟು, ಆದರೆ ಹೆಮ್ಮೆಯಿಂದ ಯಾರೂ ಪರೀಕ್ಷೆ ಪಾಸಾಗಲ್ಲ. ನನ್ನ ತಕರಾರು ಇಷ್ಟೇ. ಮುಚ್ಚಿ ಕೇಳುವ ಪದ್ಧತಿ ನಮ್ಮ ಪಡಸಾಲೆಯಲ್ಲಿ ಇತ್ತು. ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಒಪ್ಪಿಸುವಾಗಲೂ ಇತ್ತು. ಅಲ್ಲಿಂದ ಎದ್ದು ಗೈಡು, ನೋಟ್ಸು, ಗೆರೆ ಎಳೆಯೋದಕ್ಕೆ ಬಂದಾಗ ಅದನ್ನು ಬಿಟ್ಟು ಬಂದೆವು. ಒಪ್ಪಿಸೋದು ಹೋಯಿತು, ಓದೋದು ಉಳಿಯಿತು. ಈಗ ಆ ಓದಿಗೆ ‘ಉರು’ ಅಂತ ಹೆಸರಿಟ್ಟು ಬೈಯುತ್ತಿದ್ದೇವೆ. ನಮ್ಮ ಹುಡುಗ ಉರು ಹೊಡೆದಿದ್ದರೆ 371ಜೆ ಬಾಯಿಗೆ ಬರಬೇಕಿತ್ತಲ್ಲ! ಅವನು ಬರೇ ಓದಿದ್ದ.

ಇನ್ನು ನನ್ನ ಅಪರಾಧ.

ಆ ದೀಪಾವಳಿಯ ಮರುದಿನ ನಾನು ಇಂಜಿನಿಯರ್ ಬುದ್ಧಿ ತೋರಿಸಿದೆ. ಅವನ ಫೋನಿಗೆ ಅಂಕಿಡ್ರಾಯ್ಡ್ ಹಾಕಿದೆ. ಆಂಡ್ರಾಯ್ಡಿನಲ್ಲಿ ಅದು ಬಿಟ್ಟಿ. “ಅಂಕಿ ಅಂದ್ರ ಲೆಕ್ಕದ ಆ್ಯಪೇನು ಅಣ್ಣಾ?” ಅಂದ. ಅಲ್ಲೋ, ಎಲ್ಲಾ ವಿಷಯಕ್ಕೂ ನಡೀತೈತಿ ಅಂದೆ. ಯಾರೋ ಮಾಡಿಟ್ಟ ಸಾಮಾನ್ಯ ಜ್ಞಾನದ ಡೆಕ್ಕೊಂದನ್ನು ಇಳಿಸಿದೆ. ಹನ್ನೆರಡು ಸಾವಿರ ಕಾರ್ಡು, ಎಲ್ಲಾ ಇಂಗ್ಲಿಷು. ಪರೀಕ್ಷೆ ಹತ್ತಿರ ಇದೆ ಅಂತ ದಿನಕ್ಕೆ ಅರವತ್ತು ಹೊಸ ಕಾರ್ಡು ಬರುವ ಹಾಗೆ ಸೆಟ್ಟಿಂಗ್ ಒತ್ತಿದೆ. ಬಸ್ಸು ಹತ್ತಿದೆ. ತಮ್ಮನಿಗೆ ಟೆಕ್ನಾಲಜಿ ಕೊಟ್ಟೆ ಅನ್ನುವ ಖುಷಿಯಲ್ಲಿ ಬಂಕಾಪುರ ದಾಟುವಷ್ಟರಲ್ಲಿ ನಿದ್ದೆ ಬಂತು.

ಮೂರು ವಾರದ ಮೇಲೆ ಫೋನು. “ಅಣ್ಣಾ, ಸಾವಿರದ ನಾಕ್ನೂರು ಬಾಕಿ ಅಂತ ತೋರಿಸಾಕತ್ತೈತಿ. ಇದು ಸಾಲದ ಬಡ್ಡಿ ಇದ್ದಂಗ ಐತಿ ನೋಡು. ಒಂದ್ ದಿನ ತಪ್ಪಿದ್ರ ಮರದಿನ ಎರಡಪಟ್ಟು. ತಗದಬಿಟ್ಟೆ.”

ಬಡ್ಡಿ! ನಾವು ಕ್ಯಾಂಟೀನಿನಲ್ಲಿ ಅರ್ಧ ತಾಸು ಮಾತಾಡಿದ ಅಲ್ಗಾರಿದಮ್ಮನ್ನು ಅವನು ಒಂದು ಶಬ್ದದಲ್ಲಿ ಹೇಳಿದ. ಇವತ್ತು ನೋಡಿದ ಹೊಸ ಕಾರ್ಡು ಇವತ್ತಿಗೆ ಮುಗಿಯೋದಿಲ್ಲ. ನಾಳೆ ಬರುತ್ತದೆ, ಮೂರು ದಿನಕ್ಕೆ ಬರುತ್ತದೆ, ವಾರಕ್ಕೆ, ಹದಿನೈದು ದಿನಕ್ಕೆ, ತಿಂಗಳಿಗೆ ಬರುತ್ತದೆ. ದಿನಕ್ಕೆ ಇಪ್ಪತ್ತು ಹೊಸದು ಹಾಕಿಕೊಂಡವನಿಗೆ ಕೆಲವೇ ವಾರದಲ್ಲಿ ದಿನಕ್ಕೆ ನೂರೈವತ್ತು, ಇನ್ನೂರು ಹಳೆಯದು ತಿರುವುವ ಪಾಳಿ ಬರುತ್ತದೆ. ನಾನು ಅರವತ್ತು ಹಾಕಿದ್ದೆ, ಅದೂ ಅವನು ಎಂದೂ ಓದದ ವಿಷಯದ ಮೇಲೆ, ಅವನು ಪರೀಕ್ಷೆ ಬರೆಯದ ಭಾಷೆಯಲ್ಲಿ. ಬೇರೆಯವರ ಹೊಲದ ಸಾಲವನ್ನು ಅವನ ಪಹಣಿ ಮೇಲೆ ಏರಿಸಿ ಬಂದಂತಾಯಿತು.

ಡಿಸೆಂಬರ್ 29ರ ಪರೀಕ್ಷೆ ಅವನಿಗೆ ಆಗಲಿಲ್ಲ. ಆ ಸಲದ ಪತ್ರಿಕೆಯ ಕನ್ನಡದ ಮೇಲೂ ದೂರುಗಳು ಎದ್ದವು, ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಕನ್ನಡದಲ್ಲಿ ಬರೆಯುವ ಹುಡುಗರ ಸಿಟ್ಟು ನ್ಯಾಯದ್ದು, ಅದರ ಬಗ್ಗೆ ಬೇರೆಯೇ ಬರೆಯಬೇಕು. ಆದರೆ ನಮ್ಮ ಹುಡುಗ ಅದನ್ನು ನೆಪ ಮಾಡಲಿಲ್ಲ. “ಅದಕ್ಕ ಫೇಲಾದ್ನಿ ಅನ್ನಂಗಿಲ್ಲ ಅಣ್ಣಾ. ನನಗ ಎರಡೆರಡು ಉತ್ತರ ಸರಿ ಅನ್ನಸ್ತಿದ್ವು,” ಅಂದ.

ಎರಡೆರಡು ಉತ್ತರ ಸರಿ ಅನ್ನಿಸೋದು. ಇದಕ್ಕೆ ಹೊಣೆ ಯಾರು? ಗೋಣಿಚೀಲ ತುಂಬಿಸಿ ಕಳಿಸಿದ ಕೋಚಿಂಗಿನವರು ಒಂದು ಪಾಲು ಹೊರಬೇಕು. ಒಂದು ವರ್ಷ ದುಡ್ಡು ತೆಗೆದುಕೊಂಡವರು ‘ಪುಸ್ತಕ ಮುಚ್ಚು, ಹೇಳು’ ಅಂತ ಒಂದು ದಿನ ಒಬ್ಬೊಬ್ಬನನ್ನೇ ನಿಲ್ಲಿಸಿ ಕೇಳಲಿಲ್ಲ. ಯಾಕೆ ಕೇಳುತ್ತಾರೆ? ಮುನ್ನೂರು ಮಂದಿಯ ಹಾಲಿನಲ್ಲಿ ಒಬ್ಬೊಬ್ಬನನ್ನು ಕೇಳೋಕೆ ಆಗಲ್ಲ, ನೋಟ್ಸು ಹಂಚೋಕೆ ಆಗುತ್ತದೆ. ಮಾರಲು ಬರುವ ಸಾಮಾನು ನೋಟ್ಸು ಮಾತ್ರ. ನೆನಪು ತೆಗೆಯುವ ಶ್ರಮ ಮಾರಲು ಬರಲ್ಲ, ಅದನ್ನು ಅವನೇ ಪಡಬೇಕು. ಇನ್ನೊಂದು ಪಾಲು ನಮ್ಮ ಪೈಕಿಯವರದು. ಡೆಕ್ ಇಳಿಸಿಕೊಡೋದನ್ನೇ ಕಲಿಸೋದು ಅಂದುಕೊಂಡ ನನ್ನಂಥವರದು. ಎರಡು ಗೋಣಿಚೀಲ ನೋಟ್ಸಿನ ಬದಲು ಹನ್ನೆರಡು ಸಾವಿರ ಕಾರ್ಡಿನ ಡಿಜಿಟಲ್ ಗೋಣಿಚೀಲ ಕೊಟ್ಟೆ, ಅಷ್ಟೇ ಫರಕು.

2025ರ ಯುಗಾದಿಗೆ ನಾಲ್ಕು ದಿನ ರಜೆ ಹಾಕಿ ಹೋದೆ. ಉಪದೇಶ ಮಾಡಲಿಲ್ಲ, ಪಕ್ಕ ಕೂತೆ. 371ಜೆಯಿಂದಲೇ ಶುರು ಮಾಡಿದೆವು. ನೋಟ್ಸಿನಲ್ಲಿ ಅದೊಂದು ಒಂಬತ್ತು ಸಾಲಿನ ವಾಕ್ಯ, ಉಸಿರು ಕಟ್ಟುತ್ತದೆ. ಅದನ್ನು ಒಡೆದೆವು. ಎಷ್ಟನೇ ತಿದ್ದುಪಡಿ? 98. ಯಾವ ಇಸವಿಯ ಕಾಯ್ದೆ? 2012. ಯಾವ ಭಾಗಕ್ಕೆ? ಹೈದರಾಬಾದ್ ಕರ್ನಾಟಕ, ಈಗಿನ ಕಲ್ಯಾಣ ಕರ್ನಾಟಕ. ಮೂರು ಕಾರ್ಡಾದವು. ನಾಲ್ಕನೆಯದಕ್ಕೆ ಅವನು ಕೇಳಿದ: “ಅಲ್ಲಣ್ಣಾ, ನಮ್ಮ ಹಾವೇರಿ ಯಾಕ ಅದರಾಗ ಇಲ್ಲ?”

ನೋಡಿ, ಕಾನ್ಸೆಪ್ಟು ಬಂದದ್ದು ಇಲ್ಲಿ. ಅವು ನಿಜಾಮನ ಸೀಮೆಯ ಜಿಲ್ಲೆಗಳು. ನಾವು ಮುಂಬೈ ಪ್ರಾಂತದವರು, ಆಗಿನ ಧಾರವಾಡ ಜಿಲ್ಲೆಯವರು. ಹಾವೇರಿ ಜಿಲ್ಲೆ ಆದದ್ದೇ 1997ರಲ್ಲಿ. ಹಾಗಾದರೆ ಸವಣೂರು? ಅಲ್ಲಿಯೂ ನವಾಬ ಇದ್ದನಲ್ಲ? ಇದ್ದ, ಆದರೆ ಅದು ಹೈದರಾಬಾದಿಗೆ ಸೇರಿದ್ದಲ್ಲ, ಮುಂಬೈ ಕಡೆಯ ಚಿಕ್ಕ ಸಂಸ್ಥಾನ. ಸರಿ, ಬಳ್ಳಾರಿ? ಅದು ಮದ್ರಾಸ್ ಪ್ರಾಂತದಲ್ಲಿದ್ದು 1953ರಲ್ಲಿ ಮೈಸೂರಿಗೆ ಬಂದದ್ದು, ನಿಜಾಮನದ್ದಲ್ಲ, ಆದರೂ 371ಜೆಯ ಒಳಗೆ ಇದೆ. “ಹಂಗಾರ ಇದ ಪ್ರಶ್ನಿ!” ಅಂತ ಅವನೇ ಕಾರ್ಡು ಬರೆದ: 371ಜೆ ಜಿಲ್ಲೆಗಳಲ್ಲಿ ನಿಜಾಮನ ಆಳ್ವಿಕೆಯಿಂದ ನೇರ ಬರದ ಸೀಮೆ ಯಾವುದು? ಹಿಂದೆ: ಬಳ್ಳಾರಿ, ಮದ್ರಾಸಿನಿಂದ. ಆ ಒಂದು ವಾಕ್ಯಕ್ಕೆ ಮುಕ್ಕಾಲು ತಾಸು ಹಿಡಿಯಿತು. ಅದರ ಮೇಲೆ ಆ ಮುಕ್ಕಾಲು ತಾಸನ್ನು ಅವನು ಮರೆತಿಲ್ಲ, ನಾನೂ ಮರೆತಿಲ್ಲ.

ಕಂಪ್ಯೂಟರಿಗೆ ಈ ಲೆಕ್ಕ ಹಾಕಿದ ಅದೇ ವೋಜ್ನಿಯಾಕ್ 1999ರಲ್ಲಿ ಕಾರ್ಡು ಬರೆಯೋದಕ್ಕೆ ಇಪ್ಪತ್ತು ನಿಯಮ ಬರೆದಿದ್ದಾನೆ. ಮೊದಲನೆಯದೇ, ತಿಳಿಯದ್ದನ್ನು ಕಲಿಯೋಕೆ ಹೋಗಬೇಡ ಅನ್ನೋದು. ಬಾಯಿಪಾಠದ ಯಂತ್ರ ಮಾಡಿದವನ ಮೊದಲ ನಿಯಮ ಇದು. ‘ಉರು ಬೇಡ, ಅರ್ಥ ಮಾಡ್ಕೋ’ ಅನ್ನುವ ನಾವು ಎರಡನ್ನೂ ಸವತಿಯರ ಹಾಗೆ ಜಗಳಕ್ಕೆ ಬಿಟ್ಟಿದ್ದೇವೆ. ಕಾರ್ಡು ಒಡೆಯುವಾಗ ಅರ್ಥವಾಗದೆ ಒಡೆಯೋಕೇ ಬರಲ್ಲ. ಹಾಗೇ, 1953 ತಲೆಯಲ್ಲಿ ಇಲ್ಲದವನಿಗೆ ಬಳ್ಳಾರಿಯ ಬಗ್ಗೆ ಅನುಮಾನವೂ ಹುಟ್ಟಲ್ಲ.

ಆ ನಾಲ್ಕು ದಿನದಲ್ಲಿ ನಾವು ಮಾಡಿದ್ದು ನೂರಹತ್ತು ಕಾರ್ಡು ಮಾತ್ರ, ಎಲ್ಲಾ ಕನ್ನಡದಲ್ಲಿ, ಅರ್ಧಕ್ಕರ್ಧ ನಮ್ಮ ಮನೆ ಮಾತಿನಲ್ಲಿ. ಕೆಲವನ್ನು ಬಸ್ಸಿನ ದಾರಿಗೆ ಕಟ್ಟಿದೆವು. ಶಿಗ್ಗಾವಿ ತಾಲೂಕಿನ ಬಾಡ ಅಂದರೆ ಕನಕದಾಸರು. ಹಿರೇಕೆರೂರು ಕಡೆ ಹೋದರೆ ಸರ್ವಜ್ಞನ ಹೆಸರಿನ ಜೊತೆ ಸೇರಿಕೊಂಡ ಅಬಲೂರು. ಇವೆಲ್ಲ ನಮ್ಮ ಹುಡುಗರಿಗೆ ಹೇಗೂ ಗೊತ್ತು ಅಂದುಕೊಂಡಿದ್ದೆ. ಗೊತ್ತಿರಲಿಲ್ಲ. ಕೆಂಪು ಬಸ್ಸಿನ ಬೋರ್ಡಿನಲ್ಲಿ ದಿನಾ ನೋಡುವ ಊರು ನೋಟ್ಸಿನಲ್ಲಿ ಬಂದಾಗ ಬೇರೆ ಊರಾಗಿರುತ್ತದೆ. ದಿನಕ್ಕೆ ಹತ್ತು ಹೊಸದು, ಅದರ ಮೇಲೆ ಒಂದೂ ಬೇಡ ಅಂತ ಕರಾರು ಮಾಡಿದೆವು. ಲೆಕ್ಕ, ಮೆಂಟಲ್ ಎಬಿಲಿಟಿಗೆ ಕಾರ್ಡು ಮಾಡಲಿಲ್ಲ. ಅದು ಬಿಡಿಸಿ ಬಿಡಿಸಿಯೇ ಬರಬೇಕು. ಪ್ರಚಲಿತ ವಿದ್ಯಮಾನಕ್ಕೂ ಜಾಸ್ತಿ ಮಾಡಲಿಲ್ಲ, ಆರು ತಿಂಗಳಿಗೆ ಹಳಸುವುದನ್ನು ಆರು ವರ್ಷ ಕಾಯ್ದಿಡೋದು ಯಾಕೆ.

ಈಗ ನಮ್ಮ ತಂಗಿಯ ವಿಷಯ. ಫೋನು, ಆ್ಯಪು ಅಂತ ಇಷ್ಟು ಹೊತ್ತು ಮಾತಾಡಿದ ಮೇಲೆ ಇದನ್ನು ಹೇಳದಿದ್ದರೆ ಅರ್ಧ ಸುಳ್ಳು ಹೇಳಿದಂತಾಗುತ್ತದೆ. ಅವಳನ್ನು ಕೊಟ್ಟದ್ದು ಹಿರೇಕೆರೂರು ತಾಲೂಕಿನ ಒಂದು ಹಳ್ಳಿಗೆ. ಡಿ.ಎಡ್ ಆಗಿದೆ, ಎರಡು ಮಕ್ಕಳು, ಟೀಚರ್ ಆಗಬೇಕು ಅಂತ ಟಿಇಟಿ ಕಟ್ಟಿದ್ದಳು. ನೂರೈವತ್ತು ಪ್ರಶ್ನೆ, ನೂರೈವತ್ತು ಅಂಕ, ಸಾಮಾನ್ಯ ವರ್ಗಕ್ಕೆ ಅರವತ್ತು ಪರ್ಸೆಂಟು ಬೇಕು. ಯುಗಾದಿಗೆ ತವರಿಗೆ ಬಂದವಳು ನಾವಿಬ್ಬರೂ ಫೋನು ಹಿಡಿದು ಕೂತಿದ್ದನ್ನು ನೋಡಿ ಒಂದೇ ಮಾತು ಕೇಳಿದಳು: “ಅಣ್ಣಾ, ಇದು ಫೋನ್ ಇಲ್ಲದ ಆಗಂಗಿಲ್ಲೇನು?” ಅವಳ ಮನೆಯಲ್ಲಿ ಇರುವ ಸ್ಮಾರ್ಟ್‌ಫೋನು ಹಗಲು ಗಂಡನ ಕಿಸೆಯಲ್ಲಿ, ಸಂಜೆ ಮಕ್ಕಳ ಕೈಯಲ್ಲಿ. ಅವಳಿಗೆ ಸಿಗೋದು ಎಲ್ಲರೂ ಮಲಗಿದ ಮೇಲೆ, ಅಷ್ಟೊತ್ತಿಗೆ ಅವಳಿಗೇ ಕಣ್ಣೆಳೆಯುತ್ತವೆ.

ಲೈಟ್ನರನ ಪೆಟ್ಟಿಗೆ ನೆನಪಾಯಿತು. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳ ಕಟ್ಟು ಇತ್ತು. ಹಿಂದೆ ಖಾಲಿ ಇರುವುದನ್ನು ಅವಳೇ ಕತ್ತರಿಸಿದಳು. ಧಾರವಾಡ ಫೇಡೆಯ ಡಬ್ಬಿಗೆ ಅದೇ ರಟ್ಟಿನಿಂದ ಮೂರು ಖಾನೆ. ದಿನಾ, ಗುರುವಾರಕ್ಕೊಮ್ಮೆ, ಅಮಾಸಿಗೊಮ್ಮೆ. ರೊಟ್ಟಿ ಬಡಿಯುವಾಗ ಒಲೆಯ ಪಕ್ಕದ ಗೂಡಿನಲ್ಲಿ ಹತ್ತು ಕಾರ್ಡು ನಿಲ್ಲಿಸಿಕೊಳ್ಳುತ್ತಾಳಂತೆ, ಹಿಟ್ಟಿನ ಕೈಯಿಂದಲೇ ತಿರುವಿ ಹಾಕುತ್ತಾಳಂತೆ. ಕೆಲವು ಕಾರ್ಡಿಗೆ ಹಿಟ್ಟು ಮೆತ್ತಿ ಅಕ್ಷರ ಹೋಗಿ ಮತ್ತೆ ಬರೆದದ್ದೂ ಉಂಟು.

ಅವಳ ಗೈಡಿನಲ್ಲಿ ಒಂದು ಪಾಠ ನೋಡಿ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಶೈಕ್ಷಣಿಕ ಮನೋವಿಜ್ಞಾನ: ಹರ್ಮನ್ ಎಬಿಂಗ್‌ಹಾಸ್, ಜರ್ಮನಿ, 1885, ಮರೆವಿನ ವಕ್ರರೇಖೆ. ಈ ಮನುಷ್ಯ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆ ಅಂತ ತನ್ನ ಮೇಲೆಯೇ ಅಳೆದುಕೊಂಡವನು. ಮರಳಿ ಕಲಿಯುವಾಗ ಉಳಿತಾಯವಾಗುವ ಶ್ರಮ ಒಂದು ತಾಸಿಗೇ ಅರ್ಧಕ್ಕಿಂತ ಕೆಳಗೆ ಬಿತ್ತು, ಒಂದು ದಿನಕ್ಕೆ ಸುಮಾರು ಮೂರರಲ್ಲೊಂದು ಪಾಲು, ಒಂದು ತಿಂಗಳಿಗೆ ಐದರಲ್ಲೊಂದು. ಬಿಟ್ಟು ಬಿಟ್ಟು ಕಲಿತರೆ ಒಂದೇ ಸಲ ಜಡಿದಿದ್ದಕ್ಕಿಂತ ಹೆಚ್ಚು ಉಳಿಯುತ್ತದೆ ಅಂತಲೂ ಅವನೇ ಬರೆದ. ನಮ್ಮ ರಾಜ್ಯದಲ್ಲಿ ಟೀಚರ್ ಆಗಬೇಕಾದ ಸಾವಿರಾರು ಮಂದಿ ಇವನ ಹೆಸರನ್ನು ಓದುತ್ತಾರೆ. ಹೇಗೆ ಓದುತ್ತಾರೆ? ಪರೀಕ್ಷೆಯ ಹಿಂದಿನ ರಾತ್ರಿ, ಹಸಿರು ಗೆರೆ ಎಳೆದು. ಹುದ್ದೆ ಸಿಕ್ಕ ಮೇಲೆ ಮಕ್ಕಳಿಗೆ ಏನು ಹೇಳುತ್ತಾರೆ? “ಇನ್ನೊಂದ್ ಸಲ ಓದ್ರಿ.”

ನಾವೇನು ಬೇರೆ? ನಮಗೆ ಇದೆಲ್ಲ ಗೊತ್ತಿತ್ತಲ್ಲ. ಜರ್ಮನ್ ಕಲಿಯುವಾಗ ಗೊತ್ತಿತ್ತು, ಸರ್ಟಿಫಿಕೇಟಿಗೆ ಗೊತ್ತಿತ್ತು. ಊರಿಗೆ ಹೋಗುವಾಗ ಮಾತ್ರ ಅದನ್ನು ಬೆಂಗಳೂರಿನಲ್ಲೇ ಬಿಟ್ಟು ‘ಕಾನ್ಸೆಪ್ಟ್ ತಿಳ್ಕೋ’ ಅನ್ನುವ ಒಂದು ಸಾಲು ಹಿಡಿದು ಹೋಗುತ್ತೇವೆ. ಅದು ಹೇಳೋಕೆ ಸುಲಭ, ಪಕ್ಕ ಕೂರಬೇಕಾಗಿಲ್ಲ. ನಮ್ಮ ತಲೆಯಲ್ಲಿ ಈಗಾಗಲೇ ಇರುವುದನ್ನು ಯಾರು, ಯಾವಾಗ, ಎಷ್ಟು ಸಲ ಒಪ್ಪಿಸಿಕೊಂಡು ತುಂಬಿಸಿದರು ಅನ್ನೋದು ನಮಗೆ ಮರೆತುಹೋಗಿದೆ. ನನಗೆ ಮಗ್ಗಿ ಒಪ್ಪಿಸಿಕೊಂಡವಳು ಅವ್ವ. ಅವಳಿಗೆ ಓದೋಕೆ ಬರುತ್ತಿರಲಿಲ್ಲ, ಆದರೆ ಹದಿನೇಳೆಂಟಲೆ ತಪ್ಪಿದರೆ ರೊಟ್ಟಿ ಬಡಿಯೋದು ನಿಲ್ಲಿಸಿ “ಮತ್ತೊಮ್ಮೆ ಅನ್ನು” ಅನ್ನುತ್ತಿದ್ದಳು. ಅವಳಿಗೆ ಹೇಗೆ ಗೊತ್ತಾಗುತ್ತಿತ್ತು ಅಂತ ಇವತ್ತಿಗೂ ತಿಳಿದಿಲ್ಲ. ನಾನು ತಡವರಿಸುವ ದನಿಯಿಂದಲೇ ಇರಬೇಕು.

ಹನ್ನೆರಡು ಸಾವಿರ ಕಾರ್ಡು ಮಾಡಿಕೊಡಿ ಅಂತ ನಾನು ಯಾರನ್ನೂ ಕೇಳುತ್ತಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಉಪದೇಶದ ಜಾಗದಲ್ಲಿ ಎರಡು ತಾಸು ಕೊಡಿ. ಅವರ ಪುಸ್ತಕ ನೀವು ಹಿಡಿದುಕೊಳ್ಳಿ, ಅವರ ಕೈ ಖಾಲಿ ಇರಲಿ. ಕೇಳಿ, ಸುಮ್ಮನೆ ಕೂರಿ. ತಡವರಿಸಿದಾಗ ಬಾಯಿ ಹಾಕಬೇಡಿ. ನಮ್ಮಂಥ ಬಾಯಿಬಡುಕರಿಗೆ ಅದೇ ಕಷ್ಟದ ಭಾಗ, ನನಗಂತೂ ಎರಡನೇ ದಿನದವರೆಗೂ ಬರಲಿಲ್ಲ. ಏನು ತಪ್ಪಿತೋ ಅದನ್ನು ಅವರ ಕೈಯಿಂದಲೇ, ಅವರ ಮಾತಿನಲ್ಲೇ ಬರೆಸಿ. ಆ್ಯಪಾದರೆ ಆ್ಯಪು, ಲಗ್ನಪತ್ರಿಕೆಯಾದರೆ ಲಗ್ನಪತ್ರಿಕೆ.

ಚಿಕ್ಕಪ್ಪನ ಮಗ ಮುಂದಿನ ನೋಟಿಫಿಕೇಶನ್ನಿಗೆ ಕಾಯುತ್ತಿದ್ದಾನೆ. ಅಲ್ಲಿಯವರೆಗೆ ಮುಂಜಾನೆ ಹೊಲ, ಮಧ್ಯಾಹ್ನ ಕಾರ್ಡು. ಬಾಕಿ ಸೊನ್ನೆ ಇಟ್ಟಿದ್ದಾನೆ, ಅದನ್ನು ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾನೆ. ತಂಗಿ ಹೋದ ವಾರ ಫೋನು ಮಾಡಿದ್ದಳು.

“ಅಣ್ಣಾ, ಒಂದ್ ಕೇಳ್ತೀನಿ, ಗೂಗಲ್ ನೋಡಬ್ಯಾಡ. ವಿ.ಕೃ. ಗೋಕಾಕರು ಹುಟ್ಟಿದ್ದು ಎಲ್ಲಿ?”

“ಗೋಕಾಕ,” ಅಂದೆ, ತಟ್ಟನೆ, ಪೂರ್ತಿ ಧೈರ್ಯದಿಂದ.

“ಸವಣೂರು! 1909. ಮೂವತ್ತು ವರ್ಷ ಅಲ್ಲೇ ಬಾಜೂಕ ಇದ್ದೀ. ಹೋಗ್ಲಿ ಬಿಡು, ನಿನ್ನ ಮೊದಲನೇ ಖಾನೆದಾಗ ಹಾಕ್ತೀನಿ. ನಾಳೆ ಮತ್ತ ಕೇಳ್ತೀನಿ.”